ಹೊಸ ಬೆಕ್ಕು ಲಿಟರ್ ಬಾಕ್ಸ್ ಬಿಟ್ಟು ಕ್ರೋಟನ್ ಕುಂಡ ಹತ್ತಿದರೆ

ಕೆಂಚ ನಮ್ಮ ಮನೆಗೆ ಬಂದಿದ್ದು ಜೂನ್ ಎರಡನೇ ವಾರ. ಶಿರಸಿ ಹತ್ತಿರದ ನನ್ನ ತವರಿನಿಂದ, ಗಾಳಿಗೆ ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ, ದೇವಿಮನೆ ಘಾಟಿ ಇಳಿಯುವಷ್ಟು ಹೊತ್ತೂ ಕೂಗುತ್ತಲೇ ಬಂದ. ವರ್ಷದ ಕೆಂಪು ಗಂಡು ಬೆಕ್ಕು. ಕಾರವಾರದಲ್ಲಿ ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ಅಂಗಳವಿಲ್ಲ, ತೋಟವಿಲ್ಲ. ಇರುವುದು ಒಂದು ಬಾಲ್ಕನಿ, ನಾಲ್ಕು ಕುಂಡ. ಅವನು ಬರುವ ಮೊದಲೇ ಮುಚ್ಚಳ ಇರುವ ಚೆಂದದ ಲಿಟರ್ ಬಾಕ್ಸ್ (ಬೆಕ್ಕಿನ ಕಕ್ಕಸಿನ ಡಬ್ಬಿ) ತಂದು, ಹೂವಿನ ಪರಿಮಳದ ಲಿಟರ್ (ಅದರೊಳಗೆ ಹಾಕುವ ಹರಳು) ತುಂಬಿ, ಬಚ್ಚಲಿನ ಮೂಲೆಯಲ್ಲಿ ಇಟ್ಟಿದ್ದೆ. ಮೊದಲ ರಾತ್ರಿ ಅವನು ಆರಿಸಿಕೊಂಡಿದ್ದು ಕಾಲೊರೆಸುವ ಗೋಣಿಚೀಲ. ಎರಡನೇ ದಿನ ಕ್ರೋಟನ್ ಕುಂಡ. ಮೂರನೇ ದಿನ ಮಡಚಿಟ್ಟ ಕಂಬಳಿ. ಜೂನ್ ತಿಂಗಳಲ್ಲಿ ಕಂಬಳಿ ಒಗೆದರೆ ಅದು ಒಣಗುವುದು ಯಾವಾಗ ಅಂತ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಯಿಗೆ ಫೋನ್ ಮಾಡಿ ಗೋಳು ತೋಡಿಕೊಂಡೆ. "ಅದು ಮಣ್ಣು ಹುಡುಕ್ತಾ ಇದ್ದು ಕೂಸೆ" ಅಂದಳು ಆಯಿ. ಹೌದಲ್ವಾ! ಹುಟ್ಟಿದಾಗಿನಿಂದ ಅಡಿಕೆ ಮರದ ಬುಡದಲ್ಲಿ, ದರಕಿನ (ಒಣ ಎಲೆಯ) ರಾಶಿಯಲ್ಲಿ ಗುಂಡಿ ತೋಡಿ ಮುಚ್ಚಿದ ಪ್ರಾಣಿಗೆ ನಾನು ಕೊಟ್ಟಿದ್ದು ಹೂವಿನ ವಾಸನೆಯ ಕಲ್ಲುಹರಳು. ಅದನ್ನು ಕಕ್ಕಸು ಅಂತ ಅವನಿಗೆ ಹೇಳಿದವರ್ಯಾರು?

ಆಮೇಲಿನ ಮೂರು ವಾರದಲ್ಲಿ ನಾನು ಕಲಿತಿದ್ದನ್ನು ಇಲ್ಲಿ ಬರೆದಿದ್ದೇನೆ. ತಪ್ಪುಗಳು ನನ್ನವು, ನೀವು ಮತ್ತೆ ಮಾಡಬೇಕಾಗಿಲ್ಲ.

ಮೊದಲು ಉಚ್ಚೆ ಸರಿಯಾಗಿ ಹೋಗುತ್ತಿದೆಯೇ ನೋಡಿ

ಬಾಕ್ಸ್, ಮಣ್ಣು ಎಲ್ಲ ಆಮೇಲೆ. ಬೆಕ್ಕು ಪದೇ ಪದೇ ಕೂತು ಏಳುತ್ತಿದೆಯೇ? ಕೂತಾಗ ನರಳುತ್ತಿದೆಯೇ? ಹನಿ ಹನಿಯಾಗಿ ಬರುತ್ತಿದೆಯೇ? ಉಚ್ಚೆಯಲ್ಲಿ ರಕ್ತದ ಬಣ್ಣವಿದೆಯೇ? ಆ ಜಾಗವನ್ನೇ ಸದಾ ನೆಕ್ಕಿಕೊಳ್ಳುತ್ತಿದೆಯೇ? ಇದರಲ್ಲಿ ಒಂದಿದ್ದರೂ ಪಶು ಆಸ್ಪತ್ರೆಗೆ ಒಯ್ಯಿರಿ. ಗಂಡು ಬೆಕ್ಕಾದರೆ ನಾಳೆ ನೋಡೋಣ ಅನ್ನಬೇಡಿ. ಗಂಡಿನ ಮೂತ್ರನಾಳ ಬಹಳ ಸಣ್ಣದು. ಹರಳೋ ಲೋಳೆಯೋ ಅಡ್ಡ ಸಿಕ್ಕಿ ಉಚ್ಚೆ ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಎಷ್ಟೋ ಜನ ಇದನ್ನು ಮಲಬದ್ಧತೆ ಅಂದುಕೊಂಡು ಎಣ್ಣೆ ಕುಡಿಸುತ್ತಾ ಕೂರುತ್ತಾರೆ.

ಬರೀ ಒಣ ಆಹಾರ ತಿನ್ನುವ ಬೆಕ್ಕು ನೀರು ಕುಡಿಯುವುದು ಕಡಿಮೆ. ಮೀನು ಬೇಯಿಸಿದ ನೀರನ್ನು ಉಪ್ಪು, ಅರಿಶಿನ, ಈರುಳ್ಳಿ ಏನೂ ಹಾಕುವ ಮೊದಲು ಸ್ವಲ್ಪ ತೆಗೆದಿಟ್ಟು, ಆರಿಸಿ ಕೊಡಿ. ಕೆಂಚನಿಗೆ ಬಾಂಗಡೆ ನೀರಾದರೆ ಬಟ್ಟಲು ಖಾಲಿ. ಸಸ್ಯಾಹಾರಿ ಮನೆಯಲ್ಲಿ ಹುಟ್ಟಿದವನು ಕಾರವಾರಕ್ಕೆ ಬಂದು ಕಲಿತ ಮೊದಲ ಚಟ ಇದು.

ಎಲ್ಲಿ ಮಾಡಿದೆ ಅನ್ನುವುದೇ ಅದರ ಮಾತು

ಬೈಯುವ ಮೊದಲು ಜಾಗ ನೋಡಿ. ಕುಂಡದಲ್ಲಿ ಮಾಡಿದರೆ ಮಣ್ಣು ಬೇಕು ಅಂತ ಅರ್ಥ. ಬಟ್ಟೆ, ಕಂಬಳಿ, ಹಾಸಿಗೆ ಆದರೆ ಕಾಲಿಗೆ ಮೆತ್ತಗಿನದು ಬೇಕು, ಲಿಟರಿನ ಹರಳು ಚುಚ್ಚುತ್ತಿದೆ ಅಂತ. ಬಾಕ್ಸಿನ ಪಕ್ಕದಲ್ಲೇ, ನೆಲದ ಮೇಲೆ ಮಾಡಿದರೆ ಜಾಗ ಒಪ್ಪಿಗೆ, ಬಾಕ್ಸ್ ಮಾತ್ರ ಒಪ್ಪಿಗೆಯಿಲ್ಲ. ಬಹಳ ಸಲ ಕಾರಣ ಅದು ಗಲೀಜಾಗಿರುವುದು ಅಥವಾ ಚಿಕ್ಕದಾಗಿರುವುದು. ಬಾಗಿಲು, ಕಿಟಕಿಯ ಬಳಿ ನಿಂತುಕೊಂಡೇ ಬಾಲ ನಡುಗಿಸುತ್ತಾ ಗೋಡೆಗೆ ಚಿಮ್ಮಿಸಿದರೆ ಅದು ಕಕ್ಕಸಿನ ತಕರಾರೇ ಅಲ್ಲ. ಅದು ಬೀಜ ಒಡೆಸದ ಗಂಡು ಹಾಕುವ ಬೇಲಿ. ಕೆಲವು ಹೆಣ್ಣು ಬೆಕ್ಕೂ ಹಾಕುತ್ತವೆ. ಶಸ್ತ್ರಚಿಕಿತ್ಸೆ ಮಾಡಿಸಿದರೆ ಬಹುಪಾಲು ಗಂಡುಗಳಲ್ಲಿ ಇದು ನಿಂತುಹೋಗುತ್ತದೆ. ಐದಾರು ತಿಂಗಳಿಗೇ ಮಾಡಿಸಬಹುದು, ಚಟ ಅಂಟುವ ಮೊದಲು.

ಮೂಗನ್ನು ಹಿಡಿದು ಉಚ್ಚೆಗೆ ತಿಕ್ಕುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಬೇಡ. ಅದರಿಂದ ಬೆಕ್ಕು ಕಲಿಯುವುದು ಒಂದೇ: ನಿಮ್ಮ ಕಣ್ಣಿಗೆ ಬೀಳದ ಹಾಗೆ ಮಂಚದಡಿ ಮಾಡುವುದು.

ಒಂದೇ ಕೋಣೆ, ದೊಡ್ಡ ಟಬ್ಬು

ಹೊಸ ಬೆಕ್ಕಿಗೆ ಇಡೀ ಮನೆ ಬಿಟ್ಟುಕೊಡುವುದು ಪ್ರೀತಿ ಅಂದುಕೊಳ್ಳುತ್ತೇವೆ. ಅದಕ್ಕೆ ಅದು ದಿಕ್ಕು ತಪ್ಪಿಸುವ ಕಾಡು. ಮೊದಲ ಐದಾರು ದಿನ, ಬೇಕಾದರೆ ಹದಿನೈದು ದಿನ, ಒಂದು ಕೋಣೆಯಲ್ಲಿ ಇಡಿ. ಒಂದು ಮೂಲೆಗೆ ಊಟ, ನೀರು. ಎದುರು ಮೂಲೆಗೆ ಲಿಟರ್. ಅಡಗಲು ಒಂದು ರಟ್ಟಿನ ಪೆಟ್ಟಿಗೆ. ಉಣ್ಣುವಲ್ಲೇ ಕಕ್ಕಸು ಇಟ್ಟರೆ ನೀವು ಕೂರುತ್ತೀರಾ? ಅದೂ ಕೂರುವುದಿಲ್ಲ.

ಬಚ್ಚಲಿನಲ್ಲಿ ಇಟ್ಟಿದ್ದು ನನ್ನ ಮೊದಲ ತಪ್ಪು. ನಮ್ಮ ಬಚ್ಚಲು ದಿನವಿಡೀ ಒದ್ದೆ. ಒದ್ದೆ ನೆಲ ದಾಟಿ ಲಿಟರಿಗೆ ಕಾಲಿಟ್ಟರೆ ಪಂಜಕ್ಕೆಲ್ಲ ಹಿಟ್ಟು ಮೆತ್ತಿದ ಹಾಗೆ. ಕೆಂಚ ಒಮ್ಮೆ ಕಾಲಿಟ್ಟ, ಒಂದೊಂದೇ ಪಂಜ ಎತ್ತಿ ಕೊಡವಿದ, ನನ್ನ ಮುಖ ನೋಡಿದ, ಹೊರಟ. ಮತ್ತೆ ಆ ಕಡೆ ಸುಳಿಯಲಿಲ್ಲ. ವಾಷಿಂಗ್ ಮೆಷಿನ್ ಪಕ್ಕವೂ ಬೇಡ. ಕೂತಿರುವಾಗ ಅದು ಗಡಗಡ ಅಂದರೆ ಮುಗಿಯಿತು.

ಮುಚ್ಚಳದ ಬಾಕ್ಸ್ ನಮ್ಮ ಕಣ್ಣಿಗೆ ಚೆಂದ, ವಾಸನೆ ಮಾತ್ರ ಒಳಗೇ ನಿಲ್ಲುತ್ತದೆ. ಮುಚ್ಚಳ ತೆಗೆದಿಡಿ. ಇಲ್ಲವೇ ಭಾನುವಾರದ ಸಂತೆಯಲ್ಲಿ ಒಂದು ಅಗಲವಾದ ಪ್ಲಾಸ್ಟಿಕ್ ಟಬ್ಬು ಕೊಳ್ಳಿ. ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗೆ ಎಷ್ಟು ಉದ್ದವೋ ಅದರ ಒಂದೂವರೆ ಪಟ್ಟು ಉದ್ದ ಇರಲಿ. ಮರಿ ಅಥವಾ ಮುದಿ ಬೆಕ್ಕಾದರೆ ಒಂದು ಬದಿಯನ್ನು ತಗ್ಗಾಗಿ ಕತ್ತರಿಸಿ, ಅಂಚು ಉಜ್ಜಿ ನುಣುಪು ಮಾಡಿ. ಬೆಕ್ಕು ಎಷ್ಟೋ ಅದಕ್ಕಿಂತ ಒಂದು ಬಾಕ್ಸ್ ಜಾಸ್ತಿ ಇರಬೇಕು ಅನ್ನುವುದು ಬಲ್ಲವರ ಲೆಕ್ಕ. ನಮ್ಮ ಮನೆಯಲ್ಲಿ ಒಂದು ಬೆಕ್ಕಿಗೆ ಎರಡು. ಉಚ್ಚೆಗೊಂದು, ಕಕ್ಕಕ್ಕೊಂದು ಅಂತ ಅವನೇ ಹಂಚಿಕೊಂಡಿದ್ದಾನೆ.

ಮಣ್ಣಿನಿಂದ ಲಿಟರಿಗೆ

ಇದೇ ಮುಖ್ಯ ಕೆಲಸ. ಆಯಿಯ ಮಾತಿನ ಮೇಲೆ ನಾನು ಟಬ್ಬಿಗೆ ಮೊದಲು ಹಾಕಿದ್ದು ಕುಂಡದ ಒಣ ಮಣ್ಣು, ಮೇಲೊಂದು ಹಿಡಿ ಒಣ ಎಲೆ. ಆಳ ಎರಡು ಇಂಚು. ಕೆಂಚ ಬಂದು ಮೂಸಿದ. ಬಲಗಾಲಲ್ಲಿ ಎರಡು ಸಲ ಕೆದರಿದ. ತಿರುಗಿ ನಿಂತು ಕೂತ. ಆಮೇಲೆ ಎರಡು ನಿಮಿಷ ಮುಚ್ಚಿದ್ದೇ ಮುಚ್ಚಿದ್ದು. ನಾನು ಬಾಗಿಲ ಸಂದಿಯಿಂದ ಉಸಿರು ಹಿಡಿದು ನೋಡುತ್ತಿದ್ದೆ.

ನಾಲ್ಕು ದಿನ ಬರೀ ಮಣ್ಣು. ಐದನೇ ದಿನ ಮೂರು ಪಾಲು ಮಣ್ಣು, ಒಂದು ಪಾಲು ಲಿಟರ್. ಮೂರು ದಿನ ಬಿಟ್ಟು ಅರ್ಧ, ಅರ್ಧ. ಮತ್ತೆ ಮೂರು ದಿನಕ್ಕೆ ಒಂದು ಪಾಲು ಮಣ್ಣು. ಆಮೇಲೆ ಪೂರ್ತಿ ಲಿಟರ್, ಮೇಲೆ ಉದುರಿಸಲು ಒಂದು ಚಿಟಿಕೆ ಮಣ್ಣು. ನಡುವೆ ಎಲ್ಲಾದರೂ ತಪ್ಪಿದರೆ ಹಿಂದಿನ ಅಳತೆಗೆ ಮರಳಿ, ಎರಡು ದಿನ ನಿಲ್ಲಿ. ಲಿಟರ್ ಪರಿಮಳ ಇಲ್ಲದ್ದಾಗಿರಲಿ, ಸಣ್ಣ ಹರಳಿನದಾಗಿರಲಿ. ಉಂಡೆ ಕಟ್ಟುವ ಲಿಟರ್ ಅಂದರೆ ಬೆಂಟೊನೈಟ್ ಎಂಬ ಜೇಡಿಮಣ್ಣು, ಗುಜರಾತಿನ ಕಛ್ ಕಡೆ ಅಗೆಯುತ್ತಾರೆ. ಅದೂ ಮಣ್ಣೇ ಆದ್ದರಿಂದ ಹಳ್ಳಿ ಬೆಕ್ಕು ಬೇಗ ಒಗ್ಗಿಕೊಳ್ಳುತ್ತದೆ. ನಾಲ್ಕು ತಿಂಗಳ ಒಳಗಿನ ಮರಿಗೆ ಮಾತ್ರ ಇದು ಬೇಡ. ಮರಿಗಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತವೆ, ಹೊಟ್ಟೆಯಲ್ಲೂ ಅದು ಉಂಡೆ ಕಟ್ಟಬಹುದು. ಮರಿಗೆ ಕಾಗದದ ಚೂರು ಅಥವಾ ದೂಳಿಲ್ಲದ ಮರದ ಹೊಟ್ಟು ಸಾಕು.

ಕಡಲ ದಂಡೆಯಲ್ಲೇ ಇದ್ದೀರಿ, ಒಂದು ಚೀಲ ಮರಳು ತಂದು ಹಾಕಿ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಕಡಲ ಮರಳಿನಲ್ಲಿ ಉಪ್ಪಿರುತ್ತದೆ, ಅದು ಗಾಳಿಯ ಪಸೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಉಚ್ಚೆ ಉಂಡೆಯಾಗದೆ ತಳಕ್ಕಿಳಿದು ಅಲ್ಲೇ ನಾರುತ್ತದೆ. ಮರಳು ಮಾತ್ರ ಪಂಜದ ಸಂದಿಯಲ್ಲಿ ಕೂತು ಹಾಸಿಗೆಯವರೆಗೂ ಬರುತ್ತದೆ.

ದಿನಕ್ಕೆ ಎರಡು ಸಲ ಉಂಡೆ ತೆಗೆಯಿರಿ. ಎರಡು ಮೂರು ವಾರಕ್ಕೊಮ್ಮೆ ಪೂರ್ತಿ ಬದಲಿಸಿ, ಟಬ್ಬನ್ನು ವಾಸನೆ ಕಡಿಮೆಯಿರುವ ಸೋಪಿನಿಂದ ತೊಳೆದು ಒಣಗಿಸಿ. ಇದು ಬೇಸಿಗೆಯ ಲೆಕ್ಕ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ತೆರೆದಿಟ್ಟ ಚೀಲದ ಲಿಟರ್ ಬೆಕ್ಕು ಮುಟ್ಟುವ ಮೊದಲೇ ಪಸೆ ಕುಡಿದು ಗಟ್ಟಿಯಾಗುತ್ತದೆ. ಹಪ್ಪಳ, ಸಂಡಿಗೆ ಇಡುವ ಹಾಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಟಬ್ಬಿಗೆ ಒಂದೇ ಸಲ ಜಾಸ್ತಿ ಸುರಿಯಬೇಡಿ, ವಾರಕ್ಕೊಮ್ಮೆ ಬದಲಿಸಿ.

ಹಳೇ ವಾಸನೆ ತೆಗೆಯುವುದು

ನನ್ನ ಎರಡನೇ ತಪ್ಪು ಫಿನಾಯಿಲ್. ಘಮ್ಮೆನ್ನುವಂತೆ ನೆಲ ಒರೆಸಿ ಗೆದ್ದೆ ಅಂದುಕೊಂಡೆ. ಫಿನಾಯಿಲ್ ಜಾತಿಯ ದ್ರವಗಳು ಬೆಕ್ಕಿಗೆ ವಿಷ. ಅವನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ಸಾಲದು. ಒರೆಸಿದ ನೆಲದ ಮೇಲೆ ನಡೆದು, ಪಂಜ ನೆಕ್ಕಿಕೊಂಡರೆ ಹೊಟ್ಟೆಗೇ ಹೋಯಿತು. ಉಚ್ಚೆಯ ಮೇಲೆ ಬ್ಲೀಚ್ ಕೂಡ ಸುರಿಯಬೇಡಿ. ಉಚ್ಚೆಯ ಅಮೋನಿಯಾ ಜೊತೆ ಸೇರಿ ಉಸಿರು ಕಟ್ಟಿಸುವ ಗಾಳಿ ಏಳುತ್ತದೆ.

ಹಸಿ ಇದ್ದಾಗಲೇ ಹಳೇ ಪತ್ರಿಕೆ ಒತ್ತಿ ಹೀರಿಸಿ, ಉಜ್ಜಬೇಡಿ. ನೀರಲ್ಲಿ ಒರೆಸಿ. ಆಮೇಲೆ ಸಾಕುಪ್ರಾಣಿಗಳಿಗೆಂದೇ ಸಿಗುವ ಎಂಜೈಮ್ ಕ್ಲೀನರ್ ಸುರಿದು ಹದಿನೈದು ನಿಮಿಷ ಬಿಟ್ಟು, ತಾನೇ ಒಣಗಲು ಬಿಡಿ. ಉಚ್ಚೆಯ ಯೂರಿಕ್ ಆಮ್ಲದ ಹರಳು ಸೋಪಿಗೆ ಕರಗುವುದಿಲ್ಲ. ಒಣಗಿದಾಗ ಸುಮ್ನೆ ಇದ್ದು, ಗಾಳಿಯಲ್ಲಿ ಪಸೆ ಬಂದ ಕೂಡಲೇ ಮತ್ತೆ ನಾರುತ್ತದೆ. ಮೇ ತಿಂಗಳಲ್ಲಿ ಹೋಗಿದ್ದ ವಾಸನೆ ಮೊದಲ ಮಳೆಗೆ ಹಾಜರಾಗುವುದು ಇದಕ್ಕೇ. ಗಿಲಾವು ಇಲ್ಲದ ಚಿರೇಕಲ್ಲಿನ ಗೋಡೆ, ಹಳೇ ಸಿಮೆಂಟ್ ನೆಲ ಉಚ್ಚೆಯನ್ನು ಒಳಗೆ ಎಳೆದುಕೊಳ್ಳುತ್ತವೆ, ಅಲ್ಲಿ ಎರಡು ಮೂರು ಸಲ ಮಾಡಬೇಕು. ಕಲೆ ಎಲ್ಲಿದೆ ಗೊತ್ತಾಗದಿದ್ದರೆ ರಾತ್ರಿ ದೀಪ ಆರಿಸಿ ನೇರಳೆ ಬೆಳಕಿನ ಯುವಿ ಟಾರ್ಚ್ ಹಾಕಿ. ಒಣ ಉಚ್ಚೆ ಮಂಕು ಹಸಿರು ಹಳದಿಯಾಗಿ ಹೊಳೆಯುತ್ತದೆ. ನಮ್ಮ ಮನೆಯಲ್ಲಿ ಇಂಥ ಏಳು ಕಲೆ ಸಿಕ್ಕವು. ನನಗೆ ಗೊತ್ತಿದ್ದಿದ್ದು ಮೂರು.

ತೆಗೆದ ಉಂಡೆಯನ್ನು ಕಮೋಡಿಗೆ ಹಾಕಬೇಡಿ, ಪೈಪು ಕಟ್ಟುತ್ತದೆ. ಹರಿವೆ, ಬಸಳೆಯ ಬುಡಕ್ಕೂ ಬೇಡ. ಕವರಿನಲ್ಲಿ ಕಟ್ಟಿ ಕಸಕ್ಕೆ ಕೊಡಿ. ಮನೆಯಲ್ಲಿ ಬಸುರಿ ಇದ್ದರೆ ಈ ಕೆಲಸ ಬೇರೆಯವರು ಮಾಡಲಿ. ಬೆಕ್ಕಿನ ಮಲದಲ್ಲಿ ಟೊಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಇರಬಹುದು, ಅದು ಹೊಟ್ಟೆಯ ಮಗುವಿಗೆ ಅಪಾಯ. ಮಲ ಬಿದ್ದು ಒಂದು ದಿನವಾದರೂ ಕಳೆಯದೆ ಅದು ಅಂಟುವುದಿಲ್ಲ. ಹಾಗಾಗಿ ದಿನವೂ ತೆಗೆಯುವ ಮನೆಯಲ್ಲಿ ಹೆದರಿ ಬೆಕ್ಕನ್ನು ಹೊರಗೆ ಬಿಡಬೇಕಾಗಿಲ್ಲ.

ಕೆಂಚ ಈಗ ಟಬ್ಬಿಗೇ ಹೋಗುತ್ತಾನೆ. ಗುಡುಗು ಜೋರಾಗಿ ಕರೆಂಟು ಹೋದ ರಾತ್ರಿ ಮಾತ್ರ ಹಳೇ ಕ್ರೋಟನ್ ಕುಂಡ ನೆನಪಾಗುತ್ತಿತ್ತು. ಕುಂಡದ ಮಣ್ಣಿನ ಮೇಲೆ ಮುಷ್ಟಿ ಗಾತ್ರದ ಕಲ್ಲು ಜೋಡಿಸಿಟ್ಟೆ. ಈಗ ಅದರ ಮೇಲೆ ಕೂತು ಮಳೆ ನೋಡುತ್ತಾನೆ.