ವಲಸಿಗರ ಮೇಲಿನ ಹಿಂಸೆಯ ಚರಿತ್ರೆ: ದಾವಣಗೆರೆಯಲ್ಲೊಂದು ಕಾಲ್ನಡಿಗೆ ಏರ್ಪಡಿಸುವ ಬಗೆ

ದುಡಿಮೆ ಹುಡುಕಿ ಬಂದವರನ್ನು ನಗರಗಳು ಹೇಗೆ ಹೊಡೆದು ಓಡಿಸಿವೆ ಎಂಬುದನ್ನು ತರಗತಿಯಲ್ಲಿ ಕುಳಿತು ಓದುವುದಕ್ಕೂ, ಅಂಥ ದುಡಿಮೆಗಾರರು ಓಡಾಡುವ ಬೀದಿಯಲ್ಲೇ ನಿಂತು ಕೇಳುವುದಕ್ಕೂ ಬಹಳ ಅಂತರವಿದೆ. ದಾವಣಗೆರೆಯ ಕಾಲೇಜು ವಿದ್ಯಾರ್ಥಿಗಳಿಗೋ ಓದುಗರ ಬಳಗಕ್ಕೋ ಇಂಥ ನಡಿಗೆಯನ್ನು ಏರ್ಪಡಿಸುವವರು, ತಾವು ಹೇಳಲಿರುವ ಘಟನೆಗಳು ಬೇರೆ ನಗರಗಳಲ್ಲಿ ನಡೆದವು ಎಂಬುದನ್ನು ಪ್ರತಿ ನಿಲುಗಡೆಯಲ್ಲೂ ಸ್ಪಷ್ಟವಾಗಿ ಹೇಳಬೇಕು. ಇಲ್ಲಿನ ಗಿರಣಿ, ಹೋಟೆಲು, ರೈಲು ನಿಲ್ದಾಣಗಳು ಆ ಘಟನೆಗಳನ್ನು ಕಣ್ಣಿಗೆ ಕಟ್ಟಿಕೊಳ್ಳಲು ನೆರವಾಗುತ್ತವೆಯೇ ಹೊರತು, ಅವು ಆ ಘಟನೆಗಳ ಸ್ಥಳಗಳಲ್ಲ.

ಮಂಡಿಪೇಟೆಯಿಂದ ಹೊರಡುವುದು ಸೂಕ್ತ. ಒಂದು ಕಾಲಕ್ಕೆ ಬೇತೂರಿಗೆ ಸೇರಿದ ಸಣ್ಣ ಹಳ್ಳಿಯಾಗಿದ್ದ ದಾವಣಗೆರೆಯನ್ನು ಹೈದರಾಲಿಯು ಅಪ್ಪೋಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆತ ವರ್ತಕರನ್ನು ಕರೆಸಿ ಇಲ್ಲಿ ನೆಲೆ ನಿಲ್ಲಿಸಿದ್ದರಿಂದ ಊರು ಬೆಳೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಹತ್ತಿ ಗಿರಣಿಗಳು ಬಂದಾಗ ಸುತ್ತಲಿನ ಹಳ್ಳಿಗಳಿಂದ ಕಾರ್ಮಿಕರು ಬಂದರು. ಹಿಂಸೆಯ ಮಾತೆತ್ತುವ ಮೊದಲು ಈ ಸಂಗತಿಯನ್ನು ತಿಳಿಸಿದರೆ, ಯಾರು ಯಾವಾಗ ಬಂದವರು ಎಂಬ ಪ್ರಶ್ನೆಯನ್ನು ಕೇಳುಗರು ತಮ್ಮ ಮನೆತನಗಳ ಬಗ್ಗೆಯೂ ಕೇಳಿಕೊಳ್ಳುತ್ತಾರೆ.

ಮುಂದಿನ ನಿಲುಗಡೆ ಹಳೆಯ ಹತ್ತಿ ಗಿರಣಿಯೊಂದರ ಗೇಟಿನ ಹೊರಗೆ ಇರಲಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್ ಪಟ್ಟಣದ ಮರದ ಗಿರಣಿಗಳಲ್ಲಿ ಪಂಜಾಬಿನಿಂದ ಹೋದ, ಬಹುಪಾಲು ಸಿಖ್ಖರಾಗಿದ್ದ ಕಾರ್ಮಿಕರು ದುಡಿಯುತ್ತಿದ್ದರು. 1907ರ ಸೆಪ್ಟೆಂಬರ್ 4ರ ರಾತ್ರಿ ನೂರಾರು ಬಿಳಿಯರ ಗುಂಪು ಅವರ ಬಿಡಾರಗಳಿಗೆ ನುಗ್ಗಿ, ಅವರನ್ನು ಹೊಡೆದು ಬೀದಿಗೆಳೆಯಿತು. ಪೊಲೀಸರು ದಾಳಿಕೋರರನ್ನು ಹಿಡಿದಿಡುವ ಬದಲು ಪೆಟ್ಟು ತಿಂದವರನ್ನೇ ರಕ್ಷಣೆಯ ಹೆಸರಿನಲ್ಲಿ ನಗರಸಭೆಯ ಕಟ್ಟಡದ ನೆಲಮಾಳಿಗೆಯಲ್ಲಿ ಕೂಡಿಹಾಕಿದರು. ಕೆಲವೇ ದಿನಗಳಲ್ಲಿ ಆ ಸಮುದಾಯ ಪಟ್ಟಣ ಬಿಟ್ಟಿತು, ಯಾರಿಗೂ ಶಿಕ್ಷೆಯಾಗಲಿಲ್ಲ. ಶತಮಾನ ಕಳೆದ ಮೇಲೆ, 2018ರಲ್ಲಿ, ಅಲ್ಲಿ ಇದರ ನೆನಪಿಗೆ ಗ್ರಾನೈಟಿನ ಕಮಾನೊಂದನ್ನು ನಿಲ್ಲಿಸಲಾಯಿತು. ಕೂಲಿ ಇಳಿಯುತ್ತದೆಂಬ ಬಿಳಿಯ ಕಾರ್ಮಿಕರ ಭಯ, ಅದನ್ನು ಜನಾಂಗದ್ವೇಷವಾಗಿ ತಿರುಗಿಸಿದ ಸಂಘಟನೆಗಳು, ಕಡಿಮೆ ಕೂಲಿಯಿಂದ ಲಾಭ ಪಡೆದ ಮಾಲೀಕರು, ಈ ಮೂರನ್ನೂ ಬಿಡಿಸಿ ಹೇಳಲು ಗಿರಣಿಯ ಗೇಟಿಗಿಂತ ಒಳ್ಳೆಯ ಜಾಗವಿಲ್ಲ. ಸಂಬಳ ಯಾರು ನಿರ್ಧರಿಸುತ್ತಿದ್ದರು ಎಂದು ಕೇಳುಗರನ್ನು ಕೇಳಿ, ಉತ್ತರಕ್ಕೆ ಕಾಯಿರಿ.

ಮೂರನೆಯ ನಿಲುಗಡೆಯೇ ಇಡೀ ನಡಿಗೆಯ ಜೀವಾಳ ಎಂಬುದು ನನ್ನ ಅಭಿಪ್ರಾಯ. ಉಡುಪಿ ಶೈಲಿಯ ಹೋಟೆಲೊಂದರ ಎದುರು ನಿಂತು ಮುಂಬಯಿಯನ್ನು ನೆನೆಯಬೇಕು. 1966ರಲ್ಲಿ ಸ್ಥಾಪನೆಯಾದ ಶಿವಸೇನೆಯು ಆರಂಭದ ವರ್ಷಗಳಲ್ಲಿ ದಕ್ಷಿಣ ಭಾರತದವರ ವಿರುದ್ಧ ಚಳವಳಿ ನಡೆಸಿದಾಗ ಕನ್ನಡಿಗರ ಹೋಟೆಲುಗಳ ಮೇಲೂ ದಾಳಿಗಳಾದವು. ಇದನ್ನು ಹೇಳಿದಾಗ ನಮ್ಮವರ ಮನಸ್ಸು ಸಹಜವಾಗಿಯೇ ಕುದಿಯುತ್ತದೆ. ಅಲ್ಲಿಗೇ ನಿಲ್ಲಿಸಿದರೆ ನಡಿಗೆ ದೂರು ಹೇಳುವ ಸಭೆಯಾಗುತ್ತದೆ. ಆದ್ದರಿಂದ ಜಾಗ ಬದಲಿಸದೆ, ಅದೇ ಉಸಿರಿನಲ್ಲಿ 1991ರ ಡಿಸೆಂಬರನ್ನು ಹೇಳಬೇಕು. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶವನ್ನು ಕೇಂದ್ರ ಸರ್ಕಾರ ರಾಜ್ಯಪತ್ರದಲ್ಲಿ ಪ್ರಕಟಿಸಿದ ಕೂಡಲೇ ಬೆಂಗಳೂರಿನಲ್ಲಿ ತಮಿಳರ ಮನೆ, ಅಂಗಡಿಗಳ ಮೇಲೆ ದಾಳಿಗಳಾದವು, ಜೀವಗಳು ಹೋದವು, ಸಾವಿರಾರು ಜನ ಊರು ಬಿಟ್ಟರು. ಅವರಲ್ಲಿ ಅನೇಕರು ತಲೆಮಾರುಗಳಿಂದ ಅಲ್ಲಿಯೇ ಬಾಳಿದವರು. ಗುಂಪಿನಲ್ಲಿ ಯಾರಾದರೂ ನೀರಿನ ನ್ಯಾಯದ ವಾದವನ್ನು ಎತ್ತಿಯೇ ಎತ್ತುತ್ತಾರೆ. ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ನದಿಯ ವ್ಯಾಜ್ಯಕ್ಕೆ ಬೀದಿಬದಿಯ ವ್ಯಾಪಾರಿ ಹೇಗೆ ಹೊಣೆಯಾದ ಎಂಬ ಪ್ರಶ್ನೆಗೆ ಮಾತನ್ನು ಮರಳಿಸಿ.

ಕೊನೆಯದಾಗಿ ರೈಲು ನಿಲ್ದಾಣದ ಮುಂದೆ 2012ರ ಆಗಸ್ಟನ್ನು ಹೇಳಬಹುದು. ಅಸ್ಸಾಮಿನ ಹಿಂಸೆಯ ಬೆನ್ನಿಗೇ ಹರಿದಾಡಿದ ಮೊಬೈಲ್ ಸಂದೇಶಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಜನರು ಬೆಂಗಳೂರನ್ನು ತೊರೆದರು, ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು, ಸರ್ಕಾರ ಹದಿನೈದು ದಿನ ಸಗಟು ಎಸ್ಸೆಮ್ಮೆಸ್ಸುಗಳನ್ನು ನಿರ್ಬಂಧಿಸಿತು. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರೆಂಬ ವದಂತಿಯಿಂದ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಗುಂಪು ಕೊಂದಿತು. ವದಂತಿಯ ಪರಿಣಾಮವನ್ನು ವಿವರಿಸಿ, ಆದರೆ ಅದರ ಪದಗಳನ್ನು ಓದಿ ಹೇಳಬೇಡಿ.

ಸಿದ್ಧತೆಯ ವಿಷಯದಲ್ಲಿ, ಭಾನುವಾರ ಬೆಳಿಗ್ಗೆ ಸಂಚಾರ ಹೆಚ್ಚುವ ಮೊದಲು ಹೊರಡುವುದು ಒಳ್ಳೆಯದು. ಹದಿನೈದು ಜನರಿಗಿಂತ ಹೆಚ್ಚು ಬೇಡ, ಧ್ವನಿವರ್ಧಕವೂ ಬೇಡ. ಠಾಣೆಗೆ ಮುಂಚಿತವಾಗಿ ಪತ್ರ ಕೊಡಿ, ಹೋಟೆಲಿನವರ ಒಪ್ಪಿಗೆಯನ್ನೂ ಪಡೆಯಿರಿ. ಹೇಳುವ ಪ್ರತಿಯೊಂದು ಸಂಗತಿಯನ್ನೂ ಆ ಕಾಲದ ಪತ್ರಿಕೆ, ನ್ಯಾಯಾಲಯದ ತೀರ್ಪು ಅಥವಾ ವಿಚಾರಣಾ ವರದಿಯೊಂದಿಗೆ ತಾಳೆ ನೋಡಿ, ತಾಳೆಯಾಗದ್ದನ್ನು ಬಿಟ್ಟುಬಿಡಿ. ದಾರಿಯಲ್ಲಿ ಕಾಣುವ ಬಿಹಾರದ ಗಾರೆ ಕೆಲಸಗಾರರನ್ನಾಗಲಿ ರಾಜಸ್ಥಾನದ ಅಂಗಡಿಯವರನ್ನಾಗಲಿ ಬೆರಳು ಮಾಡಿ ತೋರಿಸುವುದು, ಕೇಳದೆ ಫೋಟೊ ತೆಗೆಯುವುದು ಕೂಡದು. ಅವರಲ್ಲಿ ಯಾರಾದರೂ ಮಾತನಾಡಲು ಒಪ್ಪಿದರೆ ಅವರ ದಿನಗೂಲಿ ಕೆಡದ ಹೊತ್ತಿಗೆ ಕರೆಯಿರಿ, ಏನು ಹೇಳಬೇಕೆಂಬುದನ್ನು ಅವರಿಗೇ ಬಿಡಿ. ನಡಿಗೆ ಮುಗಿದ ಮೇಲೆ ಎಲ್ಲರೂ ಕೂತು ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತ ಮಾತನಾಡಲು ಮುಕ್ಕಾಲು ಗಂಟೆಯನ್ನಾದರೂ ಕಾದಿರಿಸಿ. ದಾರಿಯಲ್ಲಿ ಸುಮ್ಮನಿದ್ದವರು ಬಾಯಿಬಿಡುವುದು ಆಗಲೇ.