ಗಣಿಯ ಕೆಂಪು ನೀರು ತಿಳಿಯಾದದ್ದು

ಸಂಡೂರಿನ ಕಬ್ಬಿಣದ ಅದಿರು ಗಣಿಯೊಂದರಲ್ಲಿ ಪರಿಸರದ ಕೆಲಸ ನೋಡಿಕೊಳ್ಳುತ್ತೇನೆ. ಮಳೆ ಬಂದರೆ ಸಾಕು, ಕೆಸರು ನೀರು ನಿಂತು ತಿಳಿಯಾಗಲೆಂದು ತೋಡಿದ ನಮ್ಮ ಹೊಂಡ ಉಕ್ಕಿ ಹಳ್ಳಕ್ಕೆ ಕೆಂಪು ನೀರು ಇಳಿಯುತ್ತಿತ್ತು. ಕೆಳಗಿನ ಹೊಲದಲ್ಲಿ ಜೋಳದ ಬುಡಕ್ಕೆ ಕೆಸರು ಮೆತ್ತಿದ್ದು ನೋಡಿ ಹೊಟ್ಟೆ ಚುರ್ ಎಂದಿತು. 1974ರ ಜಲ ಕಾಯ್ದೆಯಡಿ ನಮಗೆ ಸಿಕ್ಕ ಅನುಮತಿಯ ಪ್ರಕಾರ, ಹೊರಬಿಡುವ ನೀರಲ್ಲಿ ತೇಲುವ ಕಣ ಲೀಟರಿಗೆ 100 ಮಿಲಿಗ್ರಾಂ ದಾಟಬಾರದು. ನಮ್ಮದು ದಾಟುತ್ತಿತ್ತು.

ಹೊಂಡ ಚಿಕ್ಕದಾಯ್ತು ಅಂದುಕೊಂಡಿದ್ದೆ. ಮಳೆಯಲ್ಲೇ ನಿಂತು ನೋಡಿದಾಗ ಗೊತ್ತಾಯಿತು: ಮೇಲಿನ ಕಾಡಿನ ತಿಳಿನೀರೂ ಅದೇ ಹೊಂಡಕ್ಕೆ ನುಗ್ಗುತ್ತಿದೆ. ಮಣ್ಣು ತಳ ಸೇರಲು ಪುರುಸೊತ್ತೇ ಇಲ್ಲ, ಅಲ್ವಾ? ಮೇಲ್ಗಡೆ ಸುತ್ತುಗಾಲುವೆ ತೋಡಿ ಆ ನೀರನ್ನು ಬೇರೆ ಕಡೆ ತಿರುಗಿಸಿದೆವು. ಗಣಿಯಿಂದ ತೆಗೆದು ಸುರಿದ ಮಣ್ಣಿನ ರಾಶಿಯ ಬುಡಕ್ಕೆ ಕಲ್ಲಿನ ಗೋಡೆ ಕಟ್ಟಿದೆವು. ಹೊಂಡದ ಹೂಳನ್ನು ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲೇ ಎತ್ತಿದೆವು.

ಮುಂದಿನ ಮಳೆಯಲ್ಲಿ ಬಾಟಲಿಗೆ ತುಂಬಿದ ನೀರಿನಾಚೆ ನನ್ನ ಬೆರಳು ಕಾಣಿಸಿತು. ಲ್ಯಾಬ್ ವರದಿಯೂ ಮಿತಿಯೊಳಗೇ ಬಂತು.