ಸಮುದಾಯದ ಚಟುವಟಿಕೆಗಳಲ್ಲಿ ಮಕ್ಕಳ ಹಾಗೂ ಅವಲಂಬಿತ ವಯಸ್ಕರ ರಕ್ಷಣೆ: ಸಂಘಟಕರಿಗೊಂದು ಕೈಪಿಡಿ

ಸಂಜೆಯ ಆಟದ ತರಬೇತಿ, ಚಿತ್ರಕಲಾ ತರಗತಿ, ಓದುಬಳಗ, ಹಿರಿಯರ ಹಗಲು ಕೂಟ, ವಿಶೇಷಚೇತನರ ಸ್ವಸಹಾಯ ಗುಂಪು, ಇವೆಲ್ಲ ನಡೆಯುವುದೇ ಪರಸ್ಪರ ನಂಬಿಕೆಯ ಮೇಲೆ. ಮಕ್ಕಳ ಮೇಲಾಗಲಿ, ಇತರರ ನೆರವನ್ನು ಅವಲಂಬಿಸಿರುವ ವಯಸ್ಕರ ಮೇಲಾಗಲಿ ದೌರ್ಜನ್ಯ ಎಸಗುವವರು ಬಹುತೇಕ ಅವರ ಪರಿಚಿತರೇ ಆಗಿರುತ್ತಾರೆಂಬುದು ತಿಳಿದ ಸಂಗತಿಯಾದರೂ, ‘ನಮ್ಮಲ್ಲಿ ಅಂಥವರು ಯಾರೂ ಇಲ್ಲ’ ಎಂಬ ಮಾತು ಸಮಿತಿಯ ಸಭೆಗಳಲ್ಲಿ ಕೇಳಿಬರುತ್ತಲೇ ಇರುತ್ತದೆ. ಆದ್ದರಿಂದ ಯಾರೊಬ್ಬರ ಒಳ್ಳೆಯತನವನ್ನೂ ನೆಚ್ಚಿಕೊಳ್ಳದೆ ನಡೆಯಬಲ್ಲ ಏರ್ಪಾಡೊಂದನ್ನು ಮಾಡಿಕೊಳ್ಳುವುದು ಸಂಘಟಕರ ಮೊದಲ ಕೆಲಸ.

ರಕ್ಷಣೆಯ ಹೊಣೆಯನ್ನು ಒಬ್ಬರಿಗೆ ಹೆಸರು ಹಿಡಿದು ವಹಿಸಿರಿ. ‘ಎಲ್ಲರ ಜವಾಬ್ದಾರಿ’ ಎಂದು ಬಿಟ್ಟದ್ದನ್ನು ಕೊನೆಗೆ ಯಾರೂ ನೋಡುವುದಿಲ್ಲ. ದೂರು ಆ ಹೊಣೆಗಾರರ ಮೇಲೆಯೇ ಬರಬಹುದಾದ್ದರಿಂದ ಅವರ ಅಧೀನದಲ್ಲಿಲ್ಲದ ಇನ್ನೊಬ್ಬರನ್ನೂ ನೇಮಿಸಬೇಕು. ಇಬ್ಬರ ಹೆಸರು ಮತ್ತು ಫೋನ್ ಸಂಖ್ಯೆಗಳು ಗೋಡೆಯ ಮೇಲೆ, ಮಗುವಿನ ಕಣ್ಣಿನ ಎತ್ತರದಲ್ಲಿ ಇರಲಿ.

ಸ್ವಯಂಸೇವಕರನ್ನು ಸೇರಿಸಿಕೊಳ್ಳುವಾಗ ಅರ್ಜಿ, ಹಿಂದೆ ಕೆಲಸ ಮಾಡಿದ ಕಡೆಯ ಇಬ್ಬರೊಡನೆ ನೇರ ಮಾತುಕತೆ, ಪೊಲೀಸ್ ಪರಿಶೀಲನೆ ಮೂರೂ ಬೇಕು. ಆದರೆ ಪರಿಶೀಲನೆಯ ಪತ್ರಕ್ಕೂ ಮಿತಿಯುಂಟು. 2002ರಲ್ಲಿ ಇಂಗ್ಲೆಂಡಿನ ಸೋಹಮ್‌ನಲ್ಲಿ ಹತ್ತು ವರ್ಷದ ಇಬ್ಬರು ಬಾಲಕಿಯರನ್ನು ಕೊಂದವನು ಒಂದು ಶಾಲೆಯ ಮೇಲ್ವಿಚಾರಕ. ಬೇರೊಂದು ಪ್ರದೇಶದಲ್ಲಿ ಅವನ ಮೇಲೆ ಹಲವು ಆರೋಪಗಳು ಮೊದಲೇ ಪೊಲೀಸರ ಗಮನಕ್ಕೆ ಬಂದಿದ್ದರೂ, ನೇಮಕದ ವೇಳೆಯ ಪರಿಶೀಲನೆಯಲ್ಲಿ ಅವು ಹೊರಬೀಳಲಿಲ್ಲ. 2004ರಲ್ಲಿ ವರದಿ ನೀಡಿದ ಬಿಚರ್ಡ್ ವಿಚಾರಣೆಯು ಮಾಹಿತಿಯನ್ನು ದಾಖಲಿಸಿ, ಉಳಿಸಿ, ಹಂಚಿಕೊಳ್ಳುವುದರಲ್ಲಿ ಆದ ಲೋಪಗಳನ್ನು ಎತ್ತಿ ತೋರಿಸಿತು. ಸಣ್ಣ ಸಂಶಯವನ್ನೂ ಬರೆದಿಡಬೇಕೆಂದು ನಾನು ಪಟ್ಟುಹಿಡಿಯುವುದು ಇದಕ್ಕಾಗಿಯೇ.

ಜಾಗದ ಏರ್ಪಾಡಿಗೆ ಹೆಚ್ಚು ಖರ್ಚಿಲ್ಲ. ಮಗುವಿನೊಡನೆ ಒಬ್ಬರೇ ವಯಸ್ಕರು ಮುಚ್ಚಿದ ಕೋಣೆಯಲ್ಲಿ ಇರಬಾರದು. ಏಕಾಂತದ ಮಾತು ಅಗತ್ಯವಾದರೆ ಬಾಗಿಲು ತೆರೆದಿರಲಿ, ಇನ್ನೊಬ್ಬರ ಕಣ್ಣಳವಿನಲ್ಲಿ ನಡೆಯಲಿ. ಮಕ್ಕಳಿಗೆ ಕಳುಹಿಸುವ ಸಂದೇಶಗಳು ಪೋಷಕರೂ ಇರುವ ಗುಂಪಿನಲ್ಲೇ ಹೋಗಬೇಕು. ಮಗುವನ್ನು ಯಾರ ಕೈಗೆ ಒಪ್ಪಿಸಬಹುದೆಂಬ ಪಟ್ಟಿಯಲ್ಲಿ ಹೆಸರಿಲ್ಲದವರು ಬಂದು ‘ನಾನು ಅವಳ ಮಾವ’ ಎಂದಾಗ, ಎಷ್ಟೇ ಮುಜುಗರವಾದರೂ ಮನೆಗೆ ಫೋನ್ ಮಾಡಿದ ಮೇಲೆಯೇ ಕಳುಹಿಸಬೇಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಸಾಮಾನ್ಯವಾಗಿ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದೇ ಪರಿಗಣಿಸುವುದರಿಂದ, ಸಹಾಯಕ್ಕೆ ಬರುವ ಹದಿನೇಳರ ಸ್ವಯಂಸೇವಕನಿಗೂ ಈ ರಕ್ಷಣೆ ಸಲ್ಲಬೇಕೆಂಬುದು ಅನೇಕರಿಗೆ ಹೊಳೆಯುವುದೇ ಇಲ್ಲ.

ವಯಸ್ಕರ ವಿಷಯ ತುಸು ಬೇರೆ. 60 ದಾಟಿದ ಆರು ಜನರಲ್ಲಿ ಸುಮಾರು ಒಬ್ಬರು ಒಂದು ವರ್ಷದ ಅವಧಿಯಲ್ಲಿ ಸಮುದಾಯದ ನಡುವೆಯೇ ಯಾವುದಾದರೊಂದು ಬಗೆಯ ದೌರ್ಜನ್ಯಕ್ಕೆ ಒಳಗಾಗಿರುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸುತ್ತದೆ. ಅದು ಹೊಡೆತವೇ ಆಗಬೇಕಿಲ್ಲ. ಪಿಂಚಣಿಯ ಪಾಸ್‌ಬುಕ್ ಇನ್ನೊಬ್ಬರ ವಶದಲ್ಲಿರುವುದು, ಔಷಧ ಹೊತ್ತಿಗೆ ಸಿಗದಿರುವುದು, ಕೇಳಿದ ಪ್ರತಿ ಪ್ರಶ್ನೆಗೂ ಜೊತೆಗೆ ಬಂದವರೇ ಉತ್ತರಿಸುವುದು ಕೂಡ ಗಮನಿಸಬೇಕಾದ ಲಕ್ಷಣಗಳು. ಅಂಥವರನ್ನು ಜೊತೆಗಾರರಿಲ್ಲದ ಹೊತ್ತು ನೋಡಿ ಮಾತನಾಡಿಸಿರಿ. ತನ್ನ ವಿಷಯವನ್ನು ತಾನೇ ನಿರ್ಧರಿಸಬಲ್ಲ ವಯಸ್ಕರ ಇಚ್ಛೆಯನ್ನು ಕೇಳದೆ ಅವರ ಪರವಾಗಿ ಓಡಾಡುವುದೂ ಒಂದು ಬಗೆಯ ಅಗೌರವವೇ. ಆದರೆ ಜೀವಕ್ಕೆ ಅಪಾಯವಿದ್ದಾಗ, ಇತರರಿಗೂ ಹಾನಿಯಾಗುವಂತಿದ್ದಾಗ, ಅಥವಾ ‘ಬೇಡ’ ಎಂಬ ಮಾತೇ ಬೆದರಿಕೆಯಿಂದ ಬಂದಂತೆ ತೋರಿದಾಗ ಸುಮ್ಮನಿರಲಾಗದು.

ಎಲ್ಲಕ್ಕಿಂತ ಕಷ್ಟದ ಗಳಿಗೆ ಮಗುವೇ ಬಾಯಿಬಿಟ್ಟಾಗಿನದು. ತರಗತಿ ಮುಗಿದು ಉಳಿದವರೆಲ್ಲ ಹೊರಟ ಮೇಲೆ ಒಬ್ಬ ಹುಡುಗಿ ಚಾಪೆ ಸುತ್ತುವ ನೆಪದಲ್ಲಿ ಹಿಂದೆ ಉಳಿದು, ತಲೆ ಎತ್ತದೆ, ‘ಅಕ್ಕಾ, ಒಂದು ವಿಷಯ ಹೇಳ್ತೀನಿ, ಆದ್ರೆ ನೀವು ಯಾರಿಗೂ ಹೇಳಬಾರದು’ ಎನ್ನುತ್ತಾಳೆ ಎಂದುಕೊಳ್ಳಿ. ‘ಆಯ್ತು’ ಎಂದುಬಿಡುವುದು ಸಹಜ. ಆದರೆ ಉಳಿಸಿಕೊಳ್ಳಲಾಗದ ಮಾತನ್ನು ಕೊಡಬಾರದು. ‘ನೀನು ಹೇಳಹೊರಟದ್ದು ಒಳ್ಳೆಯದಾಯ್ತು. ನಿನಗೆ ತೊಂದರೆಯಾಗುವ ವಿಷಯವಾದರೆ ಸಹಾಯ ಮಾಡಬಲ್ಲ ಒಬ್ಬಿಬ್ಬರಿಗೆ ನಾನು ತಿಳಿಸಲೇಬೇಕಾಗುತ್ತದೆ, ಬೇರೆ ಯಾರಿಗೂ ಹೇಳುವುದಿಲ್ಲ’ ಎಂದರೆ ಸಾಕು. ಮುಖದಲ್ಲಿ ಗಾಬರಿ ಕಾಣಬಾರದು, ಏಕೆಂದರೆ ಅದನ್ನು ಕಂಡ ಮಗು ಅರ್ಧಕ್ಕೇ ನಿಲ್ಲಿಸಿಬಿಡುತ್ತದೆ. ‘ಅವನು ನಿನ್ನನ್ನು ಮುಟ್ಟಿದನೇ?’ ಎಂಬಂಥ, ಉತ್ತರವನ್ನು ತಾನೇ ಒದಗಿಸುವ ಪ್ರಶ್ನೆ ಬೇಡ, ‘ಆಮೇಲೆ ಏನಾಯ್ತು?’ ಎಂಬಷ್ಟೇ ಇರಲಿ. ‘ಆಗಲೇ ಯಾಕೆ ಹೇಳಲಿಲ್ಲ?’ ಎಂಬುದನ್ನಂತೂ ಎಂದಿಗೂ ಕೇಳಬೇಡಿ.

ಅದೇ ದಿನ, ಸಾಧ್ಯವಾದರೆ ಮುಂದಿನ ಒಂದು ಗಂಟೆಯೊಳಗೆ, ದಿನಾಂಕ, ಸಮಯ, ಸ್ಥಳದೊಡನೆ ಮಗು ಆಡಿದ ಮಾತುಗಳನ್ನೇ ಬರೆದು ಸಹಿ ಹಾಕಿರಿ. ಮಗು ‘ಅವರು ಬಂದ್ರೆ ನಂಗೆ ಹೊಟ್ಟೆನೋವು ಬರುತ್ತೆ’ ಎಂದಿದ್ದರೆ ಅದನ್ನೇ ಬರೆಯಬೇಕು. ‘ಬಾಲಕಿಯು ಮಾನಸಿಕ ಒತ್ತಡದಲ್ಲಿದ್ದಾಳೆ’ ಎಂದು ತಿದ್ದಿ ಬರೆದರೆ ಅದು ನಿಮ್ಮ ತೀರ್ಮಾನವಾಯಿತೇ ಹೊರತು ಅವಳ ಮಾತಾಗಲಿಲ್ಲ. ಬರೆದ ಹಾಳೆಯನ್ನು ಹೊಣೆಗಾರರಿಗೆ ಒಪ್ಪಿಸಿರಿ, ಅದು ಬೀಗದಲ್ಲಿರಲಿ.

ಅಲ್ಲಿಂದ ಮುಂದೆ ತನಿಖೆ ನಿಮ್ಮ ಕೆಲಸವಲ್ಲ. ಆರೋಪಕ್ಕೆ ಒಳಗಾದವರನ್ನು ಕರೆಸಿ ವಿಚಾರಿಸುವುದು, ಎರಡೂ ಮನೆಯವರನ್ನು ಕೂರಿಸಿ ರಾಜಿ ಮಾಡಿಸುವುದು ಸಾಕ್ಷ್ಯವನ್ನೂ ಕೆಡಿಸುತ್ತದೆ, ಮಗುವನ್ನೂ ಮತ್ತಷ್ಟು ಅಪಾಯಕ್ಕೆ ಒಡ್ಡುತ್ತದೆ. ಕೂಡಲೇ ಅಪಾಯವಿದ್ದರೆ ಯಾರ ಅಪ್ಪಣೆಗೂ ಕಾಯದೆ ಪೊಲೀಸರಿಗೆ ತಿಳಿಸಬೇಕು. ವರದಿ ಮಾಡುವುದು ಹಲವು ದೇಶಗಳಲ್ಲಿ ಕಾನೂನಿನ ಕರ್ತವ್ಯವೂ ಹೌದು: ಭಾರತದ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು ಮಾತ್ರವಲ್ಲ, ನಡೆಯಬಹುದೆಂಬ ಆತಂಕವುಳ್ಳವರೂ ಪೊಲೀಸರಿಗೆ ಮಾಹಿತಿ ನೀಡಬೇಕು, ತನ್ನ ಅಧೀನದವರ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 21ನೇ ಕಲಮು ಒಂದು ವರ್ಷದವರೆಗಿನ ಸೆರೆವಾಸ ಮತ್ತು ದಂಡ ವಿಧಿಸುತ್ತದೆ. ಆರೋಪಕ್ಕೆ ಒಳಗಾದವರನ್ನು ವಿಚಾರಣೆ ಮುಗಿಯುವವರೆಗೆ ಚಟುವಟಿಕೆಯಿಂದ ದೂರವಿಡಬೇಕು. ಆದರೆ ಅವರ ಹೆಸರು ಊರ ಬಾಯಿಗೆ ಬೀಳದಂತೆ ನೋಡಿಕೊಳ್ಳುವುದೂ ನಿಮ್ಮದೇ ಹೊಣೆ.

ದೂರಿನ ಮಟ್ಟಕ್ಕೆ ಏರದ ಸಂಗತಿಗಳಿಗೆ ಬೇರೊಂದು ಪುಸ್ತಕವಿಡಿ. ಹೊಣೆಗಾರರಿಬ್ಬರೂ ತಿಂಗಳಿಗೊಮ್ಮೆ ಕುಳಿತು ಅದನ್ನು ಹಳೆಯ ಪುಟಗಳಿಂದಲೇ ಓದಬೇಕು. ಬೇರೆ ಬೇರೆ ವಾರಗಳಲ್ಲಿ, ಒಬ್ಬರಿಗೊಬ್ಬರು ತಿಳಿಸದೆ, ಮೂವರು ಬರೆದ ಮೂರು ಸಾಲುಗಳು ಒಬ್ಬರೇ ವ್ಯಕ್ತಿಯನ್ನು ಕುರಿತವು ಎಂಬುದು ಹಾಗೆ ಓದಿದಾಗಲೇ ಕಣ್ಣಿಗೆ ಬೀಳುತ್ತದೆ.